ಮನೆ ಒಂದು, ತಾಕು ಮೂರು, ಹಸು ಎರಡು

ನಾನು ಕೆಲಸ ಮಾಡುವ ಸಂಸ್ಥೆ ಮಂಡ್ಯ ಜಿಲ್ಲೆಯ ಒಂದಷ್ಟು ಹಳ್ಳಿಗಳಲ್ಲಿ ಮನೆ ಮನೆ ಸಮೀಕ್ಷೆ ಮಾಡಿಸುತ್ತದೆ. ಯಾರಿಗೆ ಎಷ್ಟು ಜಮೀನು, ಅದರಲ್ಲಿ ಯಾವ ಬೆಳೆ, ಕೊಟ್ಟಿಗೆಯಲ್ಲಿ ಎಷ್ಟು ಹಸು, ಡೇರಿಗೆ ದಿನಕ್ಕೆ ಎಷ್ಟು ಲೀಟರ್ ಹಾಲು. ಇಷ್ಟು ಗೊತ್ತಾದರೆ ಮೇವಿನ ಬೀಜ ಯಾರಿಗೆ ಕೊಡಬೇಕು, ಮೇವು ಕತ್ತರಿಸುವ ಯಂತ್ರ ಯಾವ ಊರಿಗೆ ಬೇಕು ಅಂತ ತೀರ್ಮಾನ ಮಾಡಬಹುದು. ಹುಡುಗರು ಮೊಬೈಲಿನಲ್ಲಿ ಕೋಬೋ ಟೂಲ್‌ಬಾಕ್ಸ್ ಅನ್ನುವ ಸಮೀಕ್ಷೆ ತಂತ್ರಾಂಶದ ಫಾರಂ ತುಂಬುತ್ತಾರೆ, ಡೇಟಾ ಎಕ್ಸೆಲ್‌ಗೆ ಇಳಿಯುತ್ತದೆ, ಅಲ್ಲಿಂದ ಪವರ್ ಬಿಐ ವರದಿ. ಡೇಟಾವನ್ನು ಪಟ್ಟಿ, ಚಿತ್ರ, ಮೊತ್ತವಾಗಿ ತೋರಿಸುವ ತಂತ್ರಾಂಶ ಅದು. ಆ ವರದಿಯನ್ನು ಮೊದಲು ಹೊರಗಿನವರೊಬ್ಬರಿಂದ ಮಾಡಿಸಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಹಸಿರು ಬಣ್ಣ, ಜಿಲ್ಲೆಯ ಮ್ಯಾಪು, ಮೇಲುಗಡೆ ದಪ್ಪ ದಪ್ಪ ಅಂಕಿ. ಅದು ನನ್ನ ಕೈಗೆ ಬಂದದ್ದು ಆ ಅಂಕಿಗಳ ಮೇಲೆ ಜಗಳ ಶುರುವಾದ ಮೇಲೆ.

ಜಗಳ ತೆಗೆದವರು ನಮ್ಮ ಫೀಲ್ಡ್ ಸೂಪರ್‌ವೈಸರ್. ಹಿಂದೆ ಊರ ಡೇರಿಯಲ್ಲಿ ಸೆಕ್ರೆಟರಿ ಆಗಿದ್ದವರು, ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ಕಂಪ್ಯೂಟರ್ ಮುಂದೆ ಕೂರುವ ಆಸಾಮಿ ಅಲ್ಲ, ಆದರೆ ಒಂದು ಊರಿನ ಹೆಸರು ಹೇಳಿದರೆ ಅಲ್ಲಿನ ಅಚ್ಚುಕಟ್ಟು ಎಷ್ಟು, ಖುಷ್ಕಿ ಎಷ್ಟು ಅಂತ ಬಾಯಲ್ಲೇ ಇರುತ್ತದೆ. ವರದಿ ನೋಡಿ, "ಈ ಊರಲ್ಲಿ ಇಷ್ಟು ಜಮೀನೇ ಇಲ್ಲ ಮೇಡಂ. ಕೆರೆ, ಗೋಮಾಳ, ಮಸಣ ಎಲ್ಲಾನೂ ಉತ್ತು ಬಿತ್ತಿದ್ರೂ ಇಷ್ಟಾಗಕಿಲ್ಲ" ಅಂದರು. ಮುಂದಿನ ಪುಟಕ್ಕೆ ಹೋಗಿ, "ಹಾಲು ನೋಡಿ. ಇಷ್ಟು ಕರೆದಿದ್ರೆ ಡೇರಿಗೆ ಇನ್ನೆಲ್ಡು ಬಿಎಂಸಿ ತಂದು ಇಡಬೇಕಾಗದು" ಅಂತ ನಕ್ಕರು. ಬಿಎಂಸಿ ಅಂದರೆ ಡೇರಿಯಲ್ಲಿ ಹಾಲು ತಣ್ಣಗಿಡುವ ದೊಡ್ಡ ತೊಟ್ಟಿ. ಅವರು ಹೇಳಿದ್ದು ಸರಿ ಅಂತ ಅಲ್ಲಿದ್ದವರಿಗೆಲ್ಲ ಅನ್ನಿಸಿತು. ಯಾಕೆ ಹಾಗಾಗಿದೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಟ್ಟು ಮೊತ್ತವನ್ನೇ ದಿಟ್ಟಿಸುತ್ತಾ ಕೂತರೆ ಏನೂ ಹೊಳೆಯುವುದಿಲ್ಲ. ಹಾಗಾಗಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಮನೆ ಹೇಳಿ ಅಂತ ಅಣ್ಣನನ್ನು ಕೇಳಿದೆ. ಮಂಡ್ಯ ತಾಲ್ಲೂಕಿನ ಒಂದು ಮನೆ ಹೇಳಿದರು. ವಿ.ಸಿ. ನಾಲೆಯ ಕೆಳಗೆ 1 ಎಕರೆ 10 ಗುಂಟೆ ಗದ್ದೆ, ಊರ ಪಕ್ಕದಲ್ಲಿ 30 ಗುಂಟೆ ತೋಟ, ಆಚೆ 2 ಎಕರೆ ಖುಷ್ಕಿ. 40 ಗುಂಟೆಗೆ ಒಂದು ಎಕರೆಯಲ್ಲವೇ, ಕೂಡಿದರೆ ಸರಿಯಾಗಿ 4 ಎಕರೆ. ಕೊಟ್ಟಿಗೆಯಲ್ಲಿ ಎರಡು ಹಸು. ಒಂದು ದಿನಕ್ಕೆ 6 ಲೀಟರ್, ಇನ್ನೊಂದು 4, ಒಟ್ಟು 10. ವರದಿಯಲ್ಲಿ ಅದೇ ಮನೆಯನ್ನು ಆರಿಸಿದರೆ ತೋರಿಸುತ್ತಿದ್ದದ್ದು ಜಮೀನು 6.8 ಎಕರೆ, ಹಾಲು 30 ಲೀಟರ್.

ಹಾಲು ಮೂರು ಪಟ್ಟಾಗಿದೆ. ಆ ಮನೆಗೆ ತಾಕುಗಳೂ, ಅಂದರೆ ಜಮೀನಿನ ತುಂಡುಗಳೂ, ಮೂರೇ. ಅಲ್ಲಿಗೆ ಒಂದು ತುದಿ ಸಿಕ್ಕಿತು.

ನಮ್ಮ ಫಾರಂನಲ್ಲಿ ಮನೆಗೆ ಒಂದೇ ಸಲ ಕೇಳುವ ಪ್ರಶ್ನೆಗಳು ಇವೆ: ಯಜಮಾನರ ಹೆಸರು, ಊರು, ಎಷ್ಟು ಜನ. ತಾಕಿನ ಪ್ರಶ್ನೆಗಳನ್ನು ಮಾತ್ರ ತಾಕು ಎಷ್ಟಿದೆಯೋ ಅಷ್ಟು ಸಲ, ಹಸುವಿನ ಪ್ರಶ್ನೆಗಳನ್ನು ಹಸು ಎಷ್ಟಿದೆಯೋ ಅಷ್ಟು ಸಲ ಕೇಳಬೇಕು. ಇಂಥದ್ದಕ್ಕೆ ಕೋಬೋದಲ್ಲಿ ರಿಪೀಟ್ ಗ್ರೂಪ್ ಇದೆ. ಎಕ್ಸೆಲ್‌ಗೆ ಇಳಿಸಿದಾಗ ಮನೆಗಳದ್ದೇ ಒಂದು ಶೀಟು, ತಾಕುಗಳದ್ದು ಬೇರೆ ಶೀಟು, ಹಸುಗಳದ್ದು ಇನ್ನೊಂದು. ಮನೆ ಪೇರೆಂಟ್ ರೆಕಾರ್ಡು, ತಾಕೂ ಹಸುವೂ ಅದರ ಚೈಲ್ಡ್ ರೆಕಾರ್ಡುಗಳು. ಈ ಪೇರೆಂಟು ಚೈಲ್ಡು ಮಾತು ಹೊಸದೇನಲ್ಲ. 1960ರ ದಶಕದಲ್ಲಿ ಅಪೊಲೊ ಯೋಜನೆಯ ರಾಕೆಟ್ಟಿನ ಬಿಡಿಭಾಗಗಳ ಪಟ್ಟಿ ಇಡಲು ಐಬಿಎಂ ಮಾಡಿದ ಐಎಂಎಸ್ ಡೇಟಾಬೇಸಿನಲ್ಲೂ ರೆಕಾರ್ಡುಗಳು ಹೀಗೆ ಒಂದರ ಕೆಳಗೊಂದು ಇದ್ದವು. 1970ರಲ್ಲಿ ಅದೇ ಐಬಿಎಂನ ಎಡ್ಗರ್ ಕಾಡ್ ಬೇರೆ ದಾರಿ ತೋರಿಸಿದ. ಎಲ್ಲವನ್ನೂ ಸಮಾನವಾದ ಟೇಬಲ್‌ಗಳಲ್ಲಿ ಇಡಿ, ಸಂಬಂಧವನ್ನು ಕೀ ಮೂಲಕ, ಅಂದರೆ ಸಾಲನ್ನು ಗುರುತಿಸುವ ನಂಬರಿನ ಮೂಲಕ, ಹೇಳಿ ಅಂತ. ಚಂದ್ರನ ಮೇಲೆ ಹೋದವರಿಗೂ ನಮಗೂ ತಲೆನೋವು ಒಂದೇ ಅಂತ ನನಗೊಂದು ಸಮಾಧಾನ.

ಹಿಂದಿನವರು ಈ ಮೂರು ಶೀಟನ್ನೂ ಒಂದೇ ಉದ್ದನೆಯ ಶೀಟಾಗಿ ಹೊಲಿದಿದ್ದರು. ತಾಕುಗಳ ಶೀಟಿಗೆ ಮನೆಯ ವಿವರ ಸೇರಿಸಿ, ಅದಕ್ಕೆ ಅದೇ ಮನೆಯ ಹಸುಗಳನ್ನೂ ಸೇರಿಸಿದಾಗ ಏನಾಗುತ್ತದೆ? ಒಂದೊಂದು ತಾಕಿಗೂ ಎರಡೂ ಹಸು ಬಂದು ಕೂರುತ್ತವೆ. ಮೂರು ಎರಡಲ ಆರು ಸಾಲು. ಗದ್ದೆಯ ಸಾಲು ಎರಡು ಸಲ, ತೋಟದ್ದು ಎರಡು ಸಲ, ಖುಷ್ಕಿಯದು ಎರಡು ಸಲ. ಹಾಗೇ ಪ್ರತಿ ಹಸುವೂ ಮೂರು ಮೂರು ಸಲ. ಗದ್ದೆಗೂ ಹಸುವಿಗೂ ಪರಸ್ಪರ ಏನೂ ಸಂಬಂಧವಿಲ್ಲ, ಇಬ್ಬರಿಗೂ ಮನೆ ಒಂದೇ ಅನ್ನುವುದಷ್ಟೇ. ಆದರೆ ಒಂದೇ ಶೀಟಿಗೆ ತಂದ ಮೇಲೆ ಕಂಪ್ಯೂಟರ್ ಎಲ್ಲ ಜೋಡಿಗಳನ್ನೂ ಹಾಕಿಬಿಡುತ್ತದೆ. ಮೊತ್ತ ಕೇಳಿದರೆ ಜಮೀನು ಎರಡು ಪಟ್ಟು, ಹಾಲು ಮೂರು ಪಟ್ಟು. ಒಂದು ಹಸು, ಒಂದು ತಾಕು ಇರುವ ಮನೆಗಳಲ್ಲಿ ಅಂಕಿ ಸರಿಯಾಗಿಯೇ ಬರುತ್ತದೆ, ಅದಕ್ಕೇ ಮೊದಲು ಯಾರಿಗೂ ಅನುಮಾನ ಬಂದಿರಲಿಲ್ಲ. ಪರೀಕ್ಷೆಗೆ ಅಂತ ನೋಡಿದ ಮನೆಗಳು ಚಿಕ್ಕವಾಗಿದ್ದವೇನೋ.

ಮೂರು ಶೀಟನ್ನೂ ಬೇರೆ ಬೇರೆ ಟೇಬಲ್ಲಾಗಿಯೇ ಪವರ್ ಬಿಐಗೆ ತಂದು, ಮನೆಯಿಂದ ತಾಕಿಗೆ ಒಂದು ರಿಲೇಶನ್‌ಶಿಪ್, ಮನೆಯಿಂದ ಹಸುವಿಗೆ ಒಂದು, ಎರಡೂ ಒನ್ ಟು ಮೆನಿ (ಒಂದು ಮನೆಗೆ ಹಲವು ಸಾಲು) ಅಂತ ಕಟ್ಟಿದೆ. ತಾಕಿಗೂ ಹಸುವಿಗೂ ನಡುವೆ ನೇರ ಗೆರೆ ಎಳೆಯಲಿಲ್ಲ. ಹಾಲು 10 ಲೀಟರ್ ಅಂತ ಬಂತು. ಜಮೀನು 3.4.

ಮೊದಲಿನ 6.8 ಅನ್ನುವುದು ಈ 3.4ರ ಎರಡು ಪಟ್ಟು. ಅಂದರೆ ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು, ಒಂದು ಹಿಗ್ಗಿಸುತ್ತಿತ್ತು, ಇನ್ನೊಂದು ಕುಗ್ಗಿಸುತ್ತಿತ್ತು. ಎರಡನೆಯದು ಏನು ಅನ್ನುವುದು ತಾಕುಗಳ ಶೀಟು ತೆರೆದ ಕೂಡಲೇ ಕಂಡಿತು. ಹುಡುಗರು ಪಹಣಿಯಲ್ಲಿ ಬರೆಯುವ ಹಾಗೇ ಬರೆದಿದ್ದಾರೆ. 1 ಎಕರೆ 10 ಗುಂಟೆಗೆ 1.10, 30 ಗುಂಟೆಗೆ 0.30. ಊರಲ್ಲಿ ಯಾರನ್ನು ಕೇಳಿದರೂ ಹಾಗೇ ಓದುತ್ತಾರೆ. ಎಕ್ಸೆಲ್‌ಗೆ ಮಾತ್ರ ಅದು ದಶಮಾಂಶ. 1.10, 0.30, 2 ಕೂಡಿಸಿ 3.40 ಅಂತ ಕೊಟ್ಟಿತು.

ಇದನ್ನು ಸರಿ ಮಾಡುವುದು ಸುಲಭ ಅಂದುಕೊಳ್ಳಬೇಡಿ. ಕೆಲವರು ನಿಜಕ್ಕೂ ದಶಮಾಂಶದಲ್ಲೇ ಬರೆದಿದ್ದರು, ಒಂದೂವರೆ ಎಕರೆಗೆ 1.5 ಅಂತ. ಚುಕ್ಕಿಯ ಆಚೆ 50, 75 ಅಂತ ಇದ್ದರೆ ಅದು ಗುಂಟೆ ಆಗಿರಲು ಸಾಧ್ಯವಿಲ್ಲ, 39ಕ್ಕಿಂತ ಮೇಲೆ ಗುಂಟೆ ಇಲ್ಲ. ಆದರೆ 1.5 ಅಂದರೆ? ಒಂದೂವರೆ ಎಕರೆಯೂ ಇರಬಹುದು, 1 ಎಕರೆ 5 ಗುಂಟೆಯೂ ಇರಬಹುದು. ಇನ್ನೊಂದು ಕಿರಿಕಿರಿ, ಅಂಕಿಯಾಗಿ ಕೂತ ಮೇಲೆ 1.10 ಅನ್ನುವುದು 1.1 ಆಗುತ್ತದೆ. ಈಗ ಅದು 1 ಎಕರೆ 10 ಗುಂಟೆಯೋ, 1 ಎಕರೆ 1 ಗುಂಟೆಯೋ ಅಂತ ಹೇಳುವುದಕ್ಕೆ ಡೇಟಾದಲ್ಲಿ ಏನೂ ಉಳಿದಿರುವುದಿಲ್ಲ. ಅಂಥವನ್ನೆಲ್ಲ ಬೇರೆ ತೆಗೆದು ಸರ್ವೆ ನಂಬರ್ ಹಿಡಿದು ಭೂಮಿ ತಂತ್ರಾಂಶದ ಪಹಣಿಯ ಜೊತೆ ತಾಳೆ ನೋಡಬೇಕಾಯಿತು. ಅಲ್ಲೂ ಒಂದು ಪ್ರಸಂಗ. ಸರ್ವೆ ನಂಬರ್ 12, ಹಿಸ್ಸಾ (ಅದರೊಳಗಿನ ಭಾಗ) 3 ಅಂತ ಇರುವುದನ್ನು 12/3 ಅಂತ ಬರೆದರೆ ಎಕ್ಸೆಲ್ ಅದನ್ನು ಮಾರ್ಚ್ 12 ಅಂತ ತಾರೀಖು ಮಾಡಿ ಇಟ್ಟಿತ್ತು. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಂಡರೆ ಮಾತ್ರ ಹಿಸ್ಸಾ ಉಳಿಯುತ್ತದೆ. ಈಗ ಫಾರಂನಲ್ಲಿ ಎಕರೆಗೆ ಒಂದು ಖಾನೆ, ಗುಂಟೆಗೆ ಒಂದು ಖಾನೆ, ಗುಂಟೆ 40ಕ್ಕಿಂತ ಕಡಿಮೆ ಇರಲೇಬೇಕು ಅಂತ ಕಟ್ಟು ಹಾಕಿದ್ದೇವೆ. ಲೆಕ್ಕ ಎಲ್ಲಾ ಗುಂಟೆಯಲ್ಲಿ, ತೋರಿಸುವಾಗ ಮಾತ್ರ ಎಕರೆ.

ಇನ್ನು ಕೀ. ಮಗು, ಅಂದರೆ ಚೈಲ್ಡ್ ಸಾಲು, ಯಾರ ಮನೆಯದು ಅಂತ ಹೇಳುವ ಕಾಲಂ ಯಾವುದು ಅನ್ನುವ ಪ್ರಶ್ನೆ. ಕೋಬೋ ತಾನೇ ಕೊಡುವ ಇಂಡೆಕ್ಸ್, ಪೇರೆಂಟ್ ಇಂಡೆಕ್ಸ್ ಅಂತ ಎರಡು ಕಾಲಂ ಇವೆ. ಒಂದು ಸಲ ಇಳಿಸಿದ ಫೈಲಿನ ಒಳಗೆ ಅವು ಸರಿಯಾಗಿಯೇ ಹೊಂದುತ್ತವೆ. ಆದರೆ ಅದು ಇಳಿಸುವಾಗ ಹಾಕುವ ಕ್ರಮಸಂಖ್ಯೆ. ನಡುವೆ ಒಂದು ಎಂಟ್ರಿ ಅಳಿಸಿ ಮತ್ತೆ ಇಳಿಸಿದರೆ ಅದರ ಕೆಳಗಿನ ಮನೆಗಳ ನಂಬರ್ ಎಲ್ಲಾ ಒಂದೊಂದು ಮೇಲೆ ಸರಿಯುತ್ತದೆ. ಹಳೇ ಫೈಲಿನ ತಾಕನ್ನು ಹೊಸ ಫೈಲಿನ ಮನೆಗೆ ಜೋಡಿಸಿದರೆ ಪಕ್ಕದ ಮನೆಯವರ ಗದ್ದೆ ಇವರ ಪಾಲಿಗೆ ಬರುತ್ತದೆ, ಎಲ್ಲೂ ಎರರ್ ಬರುವುದಿಲ್ಲ. ಕಳಿಸಿದ ಒಂದೊಂದು ಫಾರಂಗೂ ಕೋಬೋ ಕೊಡುವ ಸಬ್ಮಿಷನ್ ಐಡಿ ಹಾಗಲ್ಲ, ಒಂದು ಮನೆಗೆ ಒಮ್ಮೆ ಬಂದರೆ ಬದಲಾಗುವುದಿಲ್ಲ, ಚೈಲ್ಡ್ ಶೀಟುಗಳಲ್ಲೂ ಅದೇ ಇರುತ್ತದೆ. ಅದನ್ನೇ ಹಿಡಿದೆ.

ಸಭೆಯಲ್ಲಿ ಒಬ್ಬರು, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಇದೆಯಲ್ಲ, ಸರ್ಕಾರದ್ದೇ ನಂಬರು, ಅದನ್ನೇ ಕೀ ಮಾಡಿಕೊಳ್ಳಿ ಅಂದರು. ಕೇಳಲು ಚೆನ್ನಾಗಿದೆ. ಆದರೆ ಎಫ್‌ಐಡಿ ರೈತನಿಗೆ ಸಿಗುವುದು, ಮನೆಗಲ್ಲ. ಅಪ್ಪನಿಗೊಂದು, ಮಗನಿಗೊಂದು ಇರುವ ಮನೆ ಬೇಕಾದಷ್ಟಿವೆ, ಜಮೀನೇ ಇಲ್ಲದವರ ಹತ್ತಿರ ಅದು ಇಲ್ಲದೆಯೂ ಇರಬಹುದು. ಊರಿನ ಹೆಸರು, ಯಜಮಾನರ ಹೆಸರು ಸೇರಿಸಿ ಕೀ ಮಾಡೋಣ ಅಂದರೆ ಅದಂತೂ ಆಗದ ಮಾತು. ಹೊಸಹಳ್ಳಿ ಅನ್ನುವ ಊರು ಒಂದೇ ಇದೆಯೇ? ಒಂದೇ ಊರಿನಲ್ಲಿ ಒಂದೇ ಹೆಸರಿನವರು ಎಷ್ಟು ಜನ? ಕೆ.ಆರ್. ಪೇಟೆ ಅಂತ ಒಬ್ಬ ಬರೆದರೆ ಕೃಷ್ಣರಾಜಪೇಟೆ ಅಂತ ಇನ್ನೊಬ್ಬ. ಊರಿಗೆ ಎಲ್‌ಜಿಡಿ ಕೋಡ್ (ಸರ್ಕಾರ ಪ್ರತಿ ಊರಿಗೂ ಕೊಟ್ಟ ಸಂಖ್ಯೆ), ಮನೆಗೆ ಸಬ್ಮಿಷನ್ ಐಡಿ, ಹೆಸರೆಲ್ಲ ಓದಿಕೊಳ್ಳುವುದಕ್ಕೆ ಮಾತ್ರ ಅಂತ ಕೊನೆಗೆ ಆಯಿತು.

ಹಾಗಿದ್ದರೆ ಮನೆ ಅಂದರೆ ಯಾವುದು? ಇದು ಕಂಪ್ಯೂಟರಿನ ಪ್ರಶ್ನೆ ಅಲ್ಲ, ಆದರೆ ಇದನ್ನು ತೀರ್ಮಾನ ಮಾಡದೆ ಪೇರೆಂಟ್ ಟೇಬಲ್ಲಿನ ಒಂದು ಸಾಲು ಏನು ಅಂತ ಹೇಳಲಾಗುವುದಿಲ್ಲ. ಅಣ್ಣನ ಜೊತೆ ಒಂದು ಮನೆಗೆ ಹೋಗಿದ್ದೆ. ಡೇಟಾದಲ್ಲಿ ಆ ಮನೆ ಎರಡು ಸಲ ಇತ್ತು, ಹಸುಗಳೂ ಎರಡೂ ಕಡೆ ಇದ್ದವು. ಹೊರಗೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಜ್ಜಿಯನ್ನು ಕೇಳಿದರೆ, "ರೇಸನ್ ಕಾರ್ಡ್ ಎಲ್ಡವೆ ಕಣವ್ವ, ದೊಡ್ಡೋನ್ದೊಂದು ಚಿಕ್ಕೋನ್ದೊಂದು. ಉಣ್ಣೋದೆಲ್ಲ ಒಂದೇ ಒಲೇಲಿ" ಅಂದರು. ಜನಗಣತಿಯವರೂ ಕುಟುಂಬ ಅಂದರೆ ಒಂದೇ ಅಡುಗೆಯಲ್ಲಿ ಊಟ ಮಾಡುವವರು ಅಂತಲೇ ಲೆಕ್ಕ ಹಿಡಿಯುವುದು. ನಾವೂ ಅದನ್ನೇ ಇಟ್ಟುಕೊಂಡೆವು. ಕಾರ್ಡಿನ ನಂಬರುಗಳು ಈಗ ಮನೆಯ ಕೆಳಗೆ ಇನ್ನೊಂದು ಚೈಲ್ಡ್ ಟೇಬಲ್ಲು. ಒಂದು ಒಲೆಗೆ ಎಷ್ಟು ಕಾರ್ಡಾದರೂ ಇರಲಿ.

ಇಷ್ಟೆಲ್ಲ ಆದ ಮೇಲೆ ಮನೆಗಳನ್ನು ಎಣಿಸಿ ನೋಡಿದರೆ ಹಳೇ ವರದಿಗಿಂತ ಹೆಚ್ಚು ಮನೆ. ಎರಡೆರಡು ಸಲ ಇದ್ದವನ್ನು ತೆಗೆದ ಮೇಲೆ ಕಡಿಮೆ ಆಗಬೇಕಿತ್ತು. ಯಾವ ಮನೆಗಳು ಹೊಸದಾಗಿ ಬಂದವು ಅಂತ ನೋಡಲು ಪವರ್ ಬಿಐನಲ್ಲಿ ಡೇಟಾ ಹದ ಮಾಡುವ ಪವರ್ ಕ್ವೆರಿಯಲ್ಲಿ ಹೊಸ ಪಟ್ಟಿಯನ್ನು ಹಳೇದರ ಜೊತೆ ಮರ್ಜ್ ಮಾಡಿ ಲೆಫ್ಟ್ ಆಂಟಿ ಅನ್ನುವುದನ್ನು ಆರಿಸಿಕೊಂಡೆ. ಈ ಕಡೆ ಇದ್ದು ಆ ಕಡೆ ಇಲ್ಲದ ಸಾಲುಗಳನ್ನು ಮಾತ್ರ ಅದು ಕೊಡುತ್ತದೆ. ಪಟ್ಟಿ ನೋಡಿದ ಅಣ್ಣ ಒಂದೇ ನೋಟಕ್ಕೆ, "ಇವೆಲ್ಲ ಜಮೀನಿಲ್ದೋರ ಮನೆಗಳು ಮೇಡಂ" ಅಂದರು.

ಹಿಂದಿನವರು ತಾಕುಗಳ ಶೀಟಿನಿಂದ ಶುರು ಮಾಡಿದ್ದರಲ್ಲ, ಒಂದೊಂದು ತಾಕಿನ ಎದುರಿಗೂ ವಿಲುಕಪ್ ಅನ್ನುವ ಎಕ್ಸೆಲ್ ಸೂತ್ರ ಹಾಕಿ ಮನೆಯ ವಿವರ ಎಳೆದಿದ್ದರು. ತಾಕೇ ಇಲ್ಲದ ಮನೆಯನ್ನು ಯಾರು ಕರೆಯಬೇಕು? ರಿಪೀಟ್ ಗ್ರೂಪಿನಲ್ಲಿ ಸೊನ್ನೆ ತಾಕು ಅಂದರೆ ಸೊನ್ನೆ ಅಂತ ಒಂದು ಸಾಲು ಬರುವುದಿಲ್ಲ, ಸಾಲೇ ಬರುವುದಿಲ್ಲ. ಹಾಗಾಗಿ ಜಮೀನಿಲ್ಲದ ಮನೆ, ಅದರ ಜೊತೆ ಆ ಮನೆಯ ಹಸು, ಹಸುವಿನ ಹಾಲು ಎಲ್ಲವೂ ವರದಿಯಿಂದ ಹೋಗಿದ್ದವು. ಇದ್ದವರ ಹಾಲು ಮೂರು ಪಟ್ಟು, ಇಲ್ಲದವರದು ಲೆಕ್ಕಕ್ಕೇ ಇಲ್ಲ. ಮೇವಿನ ಯಂತ್ರದ ಮೊದಲ ಪಟ್ಟಿ ಇದೇ ವರದಿಯಿಂದ ಹೋಗಿತ್ತು. ಕೂಲಿಗೆ ಹೋಗಿ ಬರುವಾಗ ಬದುವಿನ ಹುಲ್ಲು ಕೊಯ್ದು ತಂದು ಒಂದು ಹಸು ಸಾಕುವವರಿಗೆ ಆ ಯಂತ್ರ ಎಷ್ಟು ಬೇಕು ಅಂತ ನಾನು ಹೇಳಬೇಕಾಗಿಲ್ಲ. ಆಗ ನಮ್ಮ ಕಾರ್ಯಕರ್ತೆಯೊಬ್ಬರು ಫೋನ್ ಮಾಡಿ, "ನಮ್ ಬೀದಿಯೋರ ಹೆಸ್ರು ಒಂದೂ ಇಲ್ವಲ್ಲ" ಅಂತ ಕೇಳಿದ್ದರಂತೆ. ಎರಡನೇ ಪಟ್ಟಿಯಲ್ಲಿ ಬರುತ್ತದೆ ಬಿಡಿ ಅಂತ ಯಾರೋ ಉತ್ತರ ಕೊಟ್ಟಿದ್ದರು. ಸುಮ್ಮನೆ ಬಿಟ್ಟಿದ್ದರೆ ಎರಡನೇ ಪಟ್ಟಿಯಲ್ಲೂ ಬರುತ್ತಿರಲಿಲ್ಲ.

ಟೇಬಲ್ಲುಗಳನ್ನು ಬೇರೆ ಮಾಡಿದ ಮೇಲೆ ಈ ಸಮಸ್ಯೆ ಹೋಯಿತು ಅಂತ ನೆಮ್ಮದಿಯಾಗಿ ಮನೆವಾರು ಪಟ್ಟಿ ಮಾಡಿದರೆ, ಅದರಲ್ಲಿ ಜಮೀನಿಲ್ಲದವರು ಮತ್ತೆ ಮಾಯ! ಮಾಡೆಲ್‌ನಲ್ಲಿ ಮನೆ ಇದೆ, ವರದಿಯ ಮೇಲುಗಡೆಯ ದಪ್ಪ ಅಂಕಿಯಲ್ಲಿ ಎಣಿಕೆಯೂ ಸರಿ ಇದೆ, ಪಟ್ಟಿಯಲ್ಲಿ ಮಾತ್ರ ಇಲ್ಲ. ಲೆಕ್ಕ ಮಾಡುವ ಮೆಷರ್‌ನ ಉತ್ತರ ಖಾಲಿ ಬಂದರೆ ಪವರ್ ಬಿಐ ಆ ಸಾಲನ್ನೇ ತೋರಿಸುವುದಿಲ್ಲ. ಶೋ ಐಟಮ್ಸ್ ವಿತ್ ನೋ ಡೇಟಾ ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಬಹುದು. ಇಲ್ಲ ಮೆಷರ್‌ನ ಕೊನೆಗೆ ಒಂದು ಸೊನ್ನೆ ಕೂಡಿಸಿದರೆ ಖಾಲಿ ಹೋಗಿ 0 ಆಗುತ್ತದೆ. ನಾನು ಎರಡನೆಯದನ್ನೇ ಮಾಡಿದೆ, 0 ಅಂತ ಕಣ್ಣಿಗೆ ಕಾಣಲಿ ಅಂತ. ಆದರೆ ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕಿತ್ತು. ತಾಕಿನ ಸಾಲು ಇಲ್ಲದ ಮನೆಗಳಲ್ಲಿ ಕೆಲವು ನಿಜಕ್ಕೂ ಜಮೀನಿಲ್ಲದವು, ಇನ್ನು ಕೆಲವು ಹುಡುಗರು ಹೊತ್ತಾಯಿತು ಅಂತ ಆ ಭಾಗವನ್ನೇ ತುಂಬದೆ ಕಳಿಸಿದವು. ಎರಡೂ ಡೇಟಾದಲ್ಲಿ ಒಂದೇ ಥರ. ಆಮೇಲಿನ ಫಾರಂನಲ್ಲಿ ಮನೆಯ ಭಾಗದಲ್ಲೇ "ಸಾಗುವಳಿ ಜಮೀನು ಇದೆಯೇ" ಅಂತ ಹೌದು ಇಲ್ಲ ಪ್ರಶ್ನೆ ಬಂತು. ಹೌದು ಅಂದು ತಾಕು ತುಂಬದೆ ಇದ್ದರೆ ಫಾರಂ ಮುಂದೆ ಹೋಗುವುದಿಲ್ಲ.

ಸರಾಸರಿಯ ಮಾತೂ ಇಲ್ಲಿಂದಲೇ. ತಾಕುಗಳ ಕಾಲಂಗೆ ಅವರೇಜ್ ಅಂತ ಒತ್ತಿದರೆ ಬರುವುದು ತಾಕಿನ ಸರಾಸರಿ, ಮನೆಯದಲ್ಲ. ಒಟ್ಟು ಗುಂಟೆಯನ್ನು ಮನೆಗಳ ಎಣಿಕೆಯಿಂದ ಭಾಗಿಸಬೇಕು. ಆ ಎಣಿಕೆಯಲ್ಲಿ ಜಮೀನಿಲ್ಲದವರು ಇದ್ದಾರೋ ಇಲ್ಲವೋ ಅನ್ನುವುದನ್ನು ಶೀರ್ಷಿಕೆಯಲ್ಲೇ ಬರೆಯಬೇಕು ಅಂತ ನಾನು ಹಟ ಹಿಡಿದೆ. ಈಗ ವರದಿಯಲ್ಲಿ ಎರಡೂ ಅಕ್ಕಪಕ್ಕ ಇವೆ.

ತಲೆ ಕೆಡಿಸಿದ್ದು ವಾರದ ಜಮೀನು. ಒಬ್ಬರ ಗದ್ದೆಯನ್ನು ಇನ್ನೊಬ್ಬರು ವಾರಕ್ಕೋ (ಬೆಳೆಯಲ್ಲಿ ಪಾಲು ಕೊಡುವ ಮಾತಿಗೆ) ಗುತ್ತಿಗೆಗೋ ಮಾಡುತ್ತಾರೆ. ನಮ್ಮ ಹುಡುಗ ಒಡೆಯರ ಮನೆಗೆ ಹೋದಾಗ ಅವರು ಆ ಗದ್ದೆ ತಮ್ಮದು ಅಂತ ಬರೆಸುತ್ತಾರೆ. ಉಳುವವರ ಮನೆಗೆ ಹೋದಾಗ ಅವರೂ ಬರೆಸುತ್ತಾರೆ. ಇಬ್ಬರೂ ಸುಳ್ಳು ಹೇಳಿಲ್ಲ. ಒಂದೇ ಸರ್ವೆ ನಂಬರಿನ ಒಂದೇ ತಾಕು ಎರಡು ಪೇರೆಂಟ್ ಕೆಳಗೆ ಎರಡು ಚೈಲ್ಡ್ ಆಗಿ ಕೂತಿದೆ. ಕಾಗದ ನೋಡಿ ತೀರಿಸೋಣ ಅಂದರೆ ಕಾಗದದಲ್ಲಿ ಇರುವುದಿಲ್ಲ. 1974ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಕೃಷಿ ಜಮೀನನ್ನು ಗೇಣಿಗೆ ಕೊಡಲು ಕಾನೂನಿನಲ್ಲಿ ಬಹುತೇಕ ಅವಕಾಶವಿಲ್ಲ, ಹಾಗಾಗಿ ಎಲ್ಲಾ ಬಾಯಿ ಮಾತಿನಲ್ಲೇ. ಒಡೆಯರಿಗೆ ಇದನ್ನು ಹೇಳಿಕೊಳ್ಳಲು ಅಳುಕು ಬೇರೆ.

ಒನ್ ಟು ಮೆನಿ ಇಲ್ಲಿ ಸಾಕಾಗುವುದಿಲ್ಲ. ತಾಕುಗಳಿಗೆ ಅಂತಲೇ ಒಂದು ಟೇಬಲ್ಲು ಮಾಡಿ, ಅದರಲ್ಲಿ ಊರಿನ ಕೋಡು, ಸರ್ವೆ ನಂಬರು, ಹಿಸ್ಸಾಕ್ಕೆ ಒಂದೇ ಸಾಲು ಇಟ್ಟೆ. ಮನೆಗೂ ತಾಕಿಗೂ ನಡುವೆ ಇನ್ನೊಂದು ಟೇಬಲ್ಲು: ಈ ಮನೆ, ಈ ತಾಕು, ಇವರ ಸಂಬಂಧ ಇಂಥದ್ದು, ಎಷ್ಟು ಗುಂಟೆ. ಸಂಬಂಧ ಮೂರೇ ಬಗೆ. ಸ್ವಂತದ್ದು ಸ್ವಂತ ಉಳುಮೆ, ಸ್ವಂತದ್ದು ಬೇರೆಯವರಿಗೆ ಕೊಟ್ಟಿದ್ದು, ಬೇರೆಯವರದ್ದು ನಾವು ಮಾಡುತ್ತಿರುವುದು. ಒಂದು ಹಿಸ್ಸಾವನ್ನು ಅಣ್ಣ ತಮ್ಮಂದಿರು ಪೋಡಿ ಮಾಡಿಸದೆ, ಅಂದರೆ ಅಳೆಸಿ ಬೇರೆ ಬೇರೆ ನಂಬರ್ ಮಾಡಿಸದೆ, ಅರ್ಧರ್ಧ ಉಳುತ್ತಿದ್ದರೂ ಈ ನಡುವಿನ ಟೇಬಲ್ಲಿನಲ್ಲಿ ಇಬ್ಬರಿಗೂ ಜಾಗ ಸಿಗುತ್ತದೆ. ಒಡೆತನ ಎಷ್ಟು ಅಂತ ಕೇಳಿದರೆ ಮೊದಲ ಎರಡನ್ನು ಕೂಡಬೇಕು, ಸಾಗುವಳಿ ಎಷ್ಟು ಅಂದರೆ ಮೊದಲನೆಯದು ಮತ್ತು ಮೂರನೆಯದು. ದೇಶದ ಕೃಷಿ ಗಣತಿ 1970–71ರಿಂದ ಲೆಕ್ಕ ಹಿಡಿಯುತ್ತಿರುವುದು ಸಾಗುವಳಿ ಹಿಡುವಳಿಯನ್ನೇ, ಪಹಣಿಯಲ್ಲಿ ಹೆಸರು ಯಾರದ್ದು ಅನ್ನುವುದನ್ನಲ್ಲ. ನಮ್ಮ ಮೇವಿನ ಬೀಜಕ್ಕೂ ಅದೇ ಬೇಕಾಗಿದ್ದದ್ದು, ಉಳುವವರು ಯಾರು ಅಂತ. ಹಿಂದಿನ ವರದಿ ಎರಡನ್ನೂ ಕೂಡಿ ಒಂದೇ ಅಂಕಿ ಕೊಟ್ಟಿತ್ತು.

ಬೆಳೆಯ ಟೇಬಲ್ಲು ತಾಕಿನ ಕೆಳಗೆ, ಅಂದರೆ ಮನೆಗೆ ಮೊಮ್ಮಗು. ನಾಲೆ ಕೆಳಗಿನ ಅದೇ 50 ಗುಂಟೆಯಲ್ಲಿ ಮುಂಗಾರಿಗೆ ಭತ್ತ, ಬೇಸಿಗೆಗೆ ನೀರು ಬಿಟ್ಟರೆ ರಾಗಿ. ಬೆಳೆಯ ಸಾಲು ಎರಡು, ವಿಸ್ತೀರ್ಣ ಎರಡು ಸಲ. ಇದನ್ನೂ ತಪ್ಪು ಅಂತ ಹೊಡೆದು ಹಾಕಲು ಹೊರಟಿದ್ದ ನಮ್ಮ ಹುಡುಗನನ್ನು ತಡೆದೆ. ಕೃಷಿ ಲೆಕ್ಕದಲ್ಲಿ ಒಟ್ಟು ಬಿತ್ತನೆ ಪ್ರದೇಶ ಅಂದರೆ ಎರಡು ಬೆಳೆ ತೆಗೆದ ಜಮೀನನ್ನು ಎರಡು ಸಲ ಎಣಿಸುವುದೇ ಸರಿ, ನಿವ್ವಳ ಬಿತ್ತನೆ ಪ್ರದೇಶದಲ್ಲಿ ಮಾತ್ರ ಒಂದೇ ಸಲ. ಮೊದಲನೆಯದಕ್ಕೆ ಬೆಳೆಯ ಟೇಬಲ್ಲಿನಿಂದ ಕೂಡು, ಎರಡನೆಯದಕ್ಕೆ ಬೆಳೆ ಇಟ್ಟ ತಾಕುಗಳ ಕಡೆಯಿಂದ ಕೂಡು. ಎರಡೂ ಬೇಕು, ಹೆಸರು ಬೇರೆ ಬೇರೆ ಇರಬೇಕು ಅಷ್ಟೇ. ಈ ಮೊಮ್ಮಕ್ಕಳಿಗೆ ಸಬ್ಮಿಷನ್ ಐಡಿ ಒಂದೇ ಸಾಲದು, ಅದು ಮನೆ ಯಾವುದು ಅಂತ ಹೇಳುತ್ತದೆಯೇ ಹೊರತು ಯಾವ ತಾಕು ಅಂತ ಹೇಳುವುದಿಲ್ಲ. ಫಾರಂನಲ್ಲೇ ತಾಕಿಗೆ ಒಂದು ಕ್ರಮಸಂಖ್ಯೆ ಲೆಕ್ಕ ಹಾಕಿಸಿ ಅದನ್ನು ಬೆಳೆಯ ಗುಂಪಿನೊಳಕ್ಕೂ ಇಳಿಸಿಕೊಂಡು, ಎರಡನ್ನೂ ಅಂಟಿಸಿ ಕೀ ಮಾಡಿಕೊಂಡೆವು.

ವರದಿ ನೋಡುವವರಿಗೆ ಇದೆಲ್ಲ ಬೇಡ, ಸ್ಲೈಸರ್ (ಊರು, ಬೆಳೆ ಆರಿಸುವ ಗುಂಡಿ) ಒತ್ತಿದರೆ ಅಂಕಿ ಬದಲಾಗಬೇಕು. ಊರು ಒತ್ತಿದರೆ ಮನೆ, ತಾಕು, ಬೆಳೆ, ಹಸು ಎಲ್ಲಾ ಬದಲಾಗುತ್ತವೆ, ಯಾಕೆಂದರೆ ಫಿಲ್ಟರ್ ಪೇರೆಂಟ್‌ನಿಂದ ಚೈಲ್ಡ್ ಕಡೆಗೆ ತಾನಾಗಿ ಹರಿಯುತ್ತದೆ. ಕಬ್ಬು ಅಂತ ಬೆಳೆ ಒತ್ತಿದರೆ ಮನೆಗಳ ಎಣಿಕೆ ಅಲ್ಲಾಡುವುದಿಲ್ಲ, ಕೆಳಗಿನಿಂದ ಮೇಲಕ್ಕೆ ಅದು ಹತ್ತುವುದಿಲ್ಲ. "ಕಬ್ಬು ಬೆಳೆಯುವ ಮನೆಗಳಲ್ಲಿ ಹಾಲೆಷ್ಟು" ಅಂತ ಮೇಲಿನವರು ಕೇಳಿದ್ದು ಇದನ್ನೇ. ಬೆಳೆಯಿಂದ ಮೇಲೆ ಹತ್ತಿ ಮನೆ ಮುಟ್ಟಿ, ಅಲ್ಲಿಂದ ಹಸುವಿಗೆ ಇಳಿಯಬೇಕು. ಎಲ್ಲಾ ರಿಲೇಶನ್‌ಶಿಪ್ಪನ್ನೂ ಬೋತ್, ಅಂದರೆ ಫಿಲ್ಟರ್ ಎರಡೂ ಕಡೆ ಹರಿಯಲಿ, ಅಂತ ಮಾಡಿದರೆ ಆಗಿಬಿಡುತ್ತದೆ ಅಂತ ಸಲಹೆ ಬಂತು. ಆಗುತ್ತದೆ. ಆಮೇಲೆ ಯಾರೋ ಹಸುವಿನ ಪುಟದಲ್ಲಿ ಜರ್ಸಿ ಅಂತ ಒತ್ತಿದರೆ ಜಮೀನಿನ ಅಂಕಿಯೂ ಕುಗ್ಗುತ್ತದೆ, ಯಾಕೆ ಅಂತ ಅವರಿಗೆ ತಿಳಿಯುವುದಿಲ್ಲ, ನನಗೆ ಫೋನ್ ಬರುತ್ತದೆ. ನಾನು ರಿಲೇಶನ್‌ಶಿಪ್ಪುಗಳನ್ನು ಒಂದೇ ದಿಕ್ಕಿನಲ್ಲಿ ಬಿಟ್ಟು, ಈ ಒಂದು ಪ್ರಶ್ನೆಯ ಮೆಷರ್ ಒಳಗೆ ಮಾತ್ರ ಕ್ರಾಸ್‌ಫಿಲ್ಟರ್ ಹಾಕಿದೆ. ಆ ಲೆಕ್ಕ ನಡೆಯುವಷ್ಟು ಹೊತ್ತು ದಾರಿ ಎರಡೂ ಕಡೆ ತೆರೆದಿರುತ್ತದೆ, ಉಳಿದಂತೆ ಇಲ್ಲ.

ಅನಾಥ ಸಾಲುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವರದಿಯ ಊರುಗಳ ಪಟ್ಟಿಯಲ್ಲಿ ಬ್ಲಾಂಕ್ ಅಂತ ಒಂದು ಊರು ಕಾಣಿಸುತ್ತಿತ್ತು, ಅದಕ್ಕೆ ಜಮೀನೂ ಇತ್ತು, ಹಸುವೂ ಇದ್ದವು. ಚೈಲ್ಡ್ ಸಾಲಿಗೆ ಪೇರೆಂಟ್ ಸಿಗದಿದ್ದರೆ ಪವರ್ ಬಿಐ ಅದನ್ನು ಹೀಗೆ ಒಂದು ಖಾಲಿ ಹೆಸರಿನ ಕೆಳಗೆ ಹಾಕುತ್ತದೆ. ಎರಡೆರಡು ಸಲ ಬಂದ ಮನೆಗಳನ್ನು ಎಕ್ಸೆಲ್‌ನಲ್ಲಿ ಅಳಿಸಿದವರು ಮನೆಯ ಶೀಟಿನಲ್ಲಿ ಮಾತ್ರ ಅಳಿಸಿ, ತಾಕಿನ ಮತ್ತು ಹಸುವಿನ ಶೀಟನ್ನು ಮುಟ್ಟಿರಲಿಲ್ಲ. ಬ್ಲಾಂಕ್ ಅನ್ನು ಫಿಲ್ಟರ್ ಹಾಕಿ ಮುಚ್ಚಿಡಿ ಅಂದವರೂ ಇದ್ದರು. ಮುಚ್ಚಿಡಲಿಲ್ಲ. ಆ ಸಾಲುಗಳನ್ನೆಲ್ಲ ತೆಗೆದು ನೋಡಿ, ಉಳಿಸಿಕೊಂಡ ಮನೆಯಲ್ಲಿ ಅದೇ ಹಸು ಇದೆಯೇ ಅಂತ ಕಿವಿಯೋಲೆಯ ನಂಬರಿನಿಂದ ತಾಳೆ ಹಾಕಿದ ಮೇಲೆಯೇ ಅಳಿಸಿದ್ದು. ಈಗ ಅಳಿಸುವುದಿದ್ದರೆ ಕೋಬೋದಲ್ಲೇ ಅಳಿಸುತ್ತೇವೆ, ಅಲ್ಲಿ ಮನೆ ಹೋದರೆ ಅದರ ಕೆಳಗಿನದ್ದೆಲ್ಲ ಜೊತೆಗೇ ಹೋಗುತ್ತದೆ.

ಹೊಸ ವರದಿಯನ್ನು ಅಣ್ಣ ಅದೇ ಮಂಡ್ಯ ತಾಲ್ಲೂಕಿನ ಮನೆಯಿಂದ ಪರೀಕ್ಷೆ ಮಾಡಿದರು, ಆಮೇಲೆ ತಮಗೆ ಗೊತ್ತಿರುವ ಊರುಗಳನ್ನು ಒಂದೊಂದಾಗಿ. ಒಂದು ಊರಿನಲ್ಲಿ ಮಾತ್ರ ಇನ್ನೂ ತಕರಾರಿದೆ. ಅಲ್ಲಿ ಸಾಗುವಳಿ ಲೆಕ್ಕ ಕಡಿಮೆ ಬರುತ್ತಿದೆ, ವಾರಕ್ಕೆ ಕೊಟ್ಟವರು ಹೇಳಿದ್ದಾರೆ, ಮಾಡುವವರು ಪಕ್ಕದೂರಿನವರು, ಆ ಊರು ನಮ್ಮ ಸಮೀಕ್ಷೆಯಲ್ಲೇ ಇಲ್ಲ. ಅವರನ್ನು ಬರೀ ಹೆಸರಿನ ಪೇರೆಂಟ್ ಆಗಿ ಸೇರಿಸಬೇಕೇ ಬೇಡವೇ ಅಂತ ಇಬ್ಬರಿಗೂ ವಾದ ನಡೆದಿದೆ. ಸೇರಿಸಿ ಅಂತ ಅವರು, ಮನೆಗಳ ಎಣಿಕೆ ಕೆಡುತ್ತದೆ ಅಂತ ನಾನು. ಇದರ ನಡುವೆ ಎರಡನೇ ಸುತ್ತಿನ ಡೇಟಾ ಬರಲು ಶುರುವಾಗಿದೆ. ಒಂದು ಒಲೆಯ ಮನೆ ಈಗ ಪಾಲಾಗಿ ಎರಡು ಒಲೆ ಆಗಿರುವುದು ಅದರಲ್ಲಿ ಕಾಣುತ್ತಿದೆ. ಹಳೇ ಮನೆಯ ಐಡಿಯನ್ನು ಯಾರಿಗೆ ಕೊಡುವುದು? ಇಬ್ಬರಿಗೂ ಹೊಸ ಐಡಿ ಕೊಟ್ಟು, "ಮೊದಲು ಯಾವ ಮನೆಯಲ್ಲಿ ಇದ್ದರು" ಅಂತ ಹಳೇ ಐಡಿಗೆ ಒಂದು ಕಾಲಂ ಇಟ್ಟಿದ್ದೇನೆ. ಜಮೀನಿನ ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇರುವುದರಿಂದ ನಡುವಿನ ಟೇಬಲ್ಲಿನಲ್ಲಿ ಸದ್ಯ ಇಬ್ಬರಿಗೂ ಅರ್ಧರ್ಧ ಹಾಕಿದೆ. ಹಸು ಯಾರ ಪಾಲಿಗೆ ಹೋಯಿತು ಅಂತ ಅಣ್ಣ ಕೇಳಿಕೊಂಡು ಬರಬೇಕು.